ಚೀಟಿ ಮತ್ತು ಮೂಟೆ: ದೂರದ ಡಿಸ್ಕಿಗೆ ಮಾಹಿತಿ ಬರೆಯುವುದು ಹೇಗೆ?



ಒಂದು ಕಂಪ್ಯೂಟರಿನ ಡಿಸ್ಕನ್ನು ದೂರದ ಇನ್ನೊಂದು ಕಂಪ್ಯೂಟರ್ ತನ್ನದೇ ಡಿಸ್ಕ್ ಅನ್ನೋ ಹಾಗೆ ಬಳಸಬಹುದು. ಡಿಸ್ಕ್ ಇಟ್ಟುಕೊಂಡಿರುವುದು ಸರ್ವರ್, ಕೇಳುವುದು ಕ್ಲೈಂಟ್. ಇವೆರಡೂ ಮಾತಾಡಲು ಒಂದು ಒಪ್ಪಂದ ಬೇಕು. ಅದೇ ಪ್ರೋಟೋಕಾಲ್. ಲಿನಕ್ಸ್‌ನಲ್ಲಿ 1997ರಿಂದ ಇರುವ ಎನ್‌ಬಿಡಿ (ನೆಟ್‌ವರ್ಕ್ ಬ್ಲಾಕ್ ಡಿವೈಸ್) ಅಂಥ ಒಂದು ಪ್ರೋಟೋಕಾಲ್. ಇದನ್ನು ಮೊದಲು ಬರೆದವರು ಪಾವೆಲ್ ಮಾಚೆಕ್. ಡಿಸ್ಕ್ ಇಲ್ಲದ ಕಂಪ್ಯೂಟರ್‌ಗಳ ಲ್ಯಾಬ್ ನಡೆಸುವುದಕ್ಕೂ ಇದನ್ನು ಬಳಸಿದ್ದಾರೆ. ಈ ಪಾಠದಲ್ಲಿ ಸರ್ವರ್ ಮಾಡಬೇಕಾದ ಒಂದೇ ಒಂದು ಕೆಲಸವನ್ನು ಗಮನವಿಟ್ಟು ನೋಡೋಣ: ಕೋರಿಕೆಯ ಜೊತೆ ಬರುವ ಮಾಹಿತಿಯನ್ನು ಬರಮಾಡಿಕೊಳ್ಳುವುದು.

1. ಓಣಿಯಲ್ಲಿ ಮೂಟೆಗಳು

ಕಲ್ಯಾಣದುರ್ಗದ ಕಡೆ ಕಡಲೆಕಾಯಿ ಮೂಟೆಗಳನ್ನು ನೀವೆಲ್ಲ ನೋಡಿದ್ದೀರಿ. ಒಂದು ಗೋದಾಮಿಗೆ ಒಂದೇ ಇಕ್ಕಟ್ಟಾದ ಓಣಿ ಇದೆ ಅಂತ ಇಟ್ಕೊಳ್ಳಿ. ಮೊದಲು ಒಂದು ಚೀಟಿ ಬರುತ್ತದೆ: "40 ಮೂಟೆ, 7ನೇ ಅಂಕಣದಲ್ಲಿ ಇಡಿ." ಅದರ ಹಿಂದೆ 40 ಮೂಟೆ. ಅದರ ಹಿಂದೆ ಬೇರೊಬ್ಬರ ಚೀಟಿ.

7ನೇ ಅಂಕಣ ತುಂಬಿದೆ. ಗೋದಾಮಿನವನು "ಜಾಗ ಇಲ್ಲ" ಅಂದ. ಸರಿ. ಆದರೆ ಅಷ್ಟು ಹೇಳಿದ ಮಾತ್ರಕ್ಕೆ ಓಣಿಯಲ್ಲಿರುವ 40 ಮೂಟೆ ಮಾಯ ಆಗಲ್ಲ. ಅವನ್ನು ಪಕ್ಕಕ್ಕೆ ಸಾಗಿಸಿದರೆ ಮಾತ್ರ ಮುಂದಿನ ಚೀಟಿ ಕೈಗೆ ಸಿಗುತ್ತದೆ. ಸಾಗಿಸದೆ ಕೈ ಚಾಚಿದರೆ ಕೈಗೆ ಸಿಗೋದು ಚೀಟಿ ಅಲ್ಲ, ಮೂಟೆ!

ಸರ್ವರಿನ ಕಥೆಯೂ ಇದೇ. ಎನ್‌ಬಿಡಿ ಸಾಮಾನ್ಯವಾಗಿ ಟಿಸಿಪಿ ಸಂಪರ್ಕದ ಮೇಲೆ ನಡೆಯುತ್ತದೆ. ಟಿಸಿಪಿಯಲ್ಲಿ ಬೈಟ್‌ಗಳು ಒಂದರ ಹಿಂದೆ ಒಂದು, ಕಳಿಸಿದ ಕ್ರಮದಲ್ಲೇ ಬರುತ್ತವೆ. ಆದರೆ ಒಂದು ಕೋರಿಕೆ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಅನ್ನೋ ಗುರುತನ್ನು ಟಿಸಿಪಿ ಹಾಕುವುದಿಲ್ಲ. ಅದನ್ನು ಸರ್ವರೇ ಎಣಿಸಿ ತಿಳಿಯಬೇಕು.

2. ಚೀಟಿಯಲ್ಲಿ ಏನಿರುತ್ತದೆ?

ಎನ್‌ಬಿಡಿ ಕೋರಿಕೆಯ ತಲೆಭಾಗ, ಅಂದ್ರೆ ಹೆಡರ್, ಸಾಮಾನ್ಯ ರೂಪದಲ್ಲಿ 28 ಬೈಟ್ ಇರುತ್ತದೆ:

• ಗುರುತಿನ ಸಂಖ್ಯೆ: 4 ಬೈಟ್. ಯಾವಾಗಲೂ 37, 96, 149, 19.
• ಸೂಚನಾ ಚಿಹ್ನೆಗಳು: 2 ಬೈಟ್.
• ಕೆಲಸದ ಬಗೆ: 2 ಬೈಟ್. 0 ಅಂದರೆ ಓದು, 1 ಅಂದರೆ ಬರೆ.
• ಟೋಕನ್: 8 ಬೈಟ್. ಉತ್ತರದಲ್ಲಿ ಇದನ್ನೇ ವಾಪಸ್ ಕಳಿಸಬೇಕು.
• ಡಿಸ್ಕಿನಲ್ಲಿ ಎಲ್ಲಿಂದ: 8 ಬೈಟ್.
• ಎಷ್ಟು ಉದ್ದ: 4 ಬೈಟ್.

ಕೂಡಿಸಿ ನೋಡಿ: 4+2+2+8+8+4 = 28. ಆಯ್ತಾ?

"ಬರೆ" ಎಂಬ ಕೋರಿಕೆಯಾದರೆ ಹೆಡರಿನ ಬೆನ್ನಿಗೇ ಬರೆಯಬೇಕಾದ ಮಾಹಿತಿ ಬರುತ್ತದೆ. ಇದಕ್ಕೆ ಪೇಲೋಡ್ ಅಂತ ಹೆಸರು. ಇದೇ ನಮ್ಮ ಮೂಟೆ. "ಓದು" ಕೋರಿಕೆಯಲ್ಲೂ ಉದ್ದ ಬರೆದಿರುತ್ತದೆ, ಆದರೆ ಅದು ಸರ್ವರ್ ಕಳಿಸಬೇಕಾದ ಮಾಹಿತಿಯ ಉದ್ದ. ಅದರ ಹಿಂದೆ ಪೇಲೋಡ್ ಇರುವುದಿಲ್ಲ. ಉದ್ದದ ಅಂಕಿ ಒಂದನ್ನೇ ನೋಡಿ ಮೂಟೆ ಇದೆ ಅಂದುಕೊಂಡರೆ ಸರ್ವರ್ ಬಾರದ ಮೂಟೆಗೆ ಕಾಯುತ್ತಾ ನಿಲ್ಲುತ್ತದೆ.

3. ಎಣಿಸಿ ನೋಡೋಣ

"ಕಲ್ಯಾಣದುರ್ಗ" ಎಂಬ ಪದವನ್ನು ದೂರದ ಡಿಸ್ಕಿಗೆ ಬರೆಯಬೇಕು. ನಮ್ಮ ಕಣ್ಣಿಗೆ ಕಾಣುವುದು 5 ಅಕ್ಷರ: ಕ, ಲ್ಯಾ, ಣ, ದು, ರ್ಗ. ಯೂನಿಕೋಡ್‌ನಲ್ಲಿ ಒತ್ತು, ಕಾಗುಣಿತದ ಗುರುತುಗಳನ್ನೂ ಬೇರೆ ಬೇರೆ ಎಣಿಸುತ್ತಾರೆ: ಕ, ಲ, ್, ಯ, ಾ, ಣ, ದ, ು, ರ, ್, ಗ. ಒಟ್ಟು 11. ಯುಟಿಎಫ್-8 ಪದ್ಧತಿಯಲ್ಲಿ ಇವು ಒಂದೊಂದಕ್ಕೂ 3 ಬೈಟ್. ಹಾಗಾಗಿ ಪೇಲೋಡ್ 33 ಬೈಟ್. (ನಿಜವಾದ ಡಿಸ್ಕಿಗೆ ಸಾಮಾನ್ಯವಾಗಿ 512 ಅಥವಾ 4096 ಬೈಟ್‌ಗಳ ಲೆಕ್ಕದಲ್ಲಿ ಬರೆಯುತ್ತಾರೆ. ಎಣಿಸಲು ಸುಲಭವಾಗಲಿ ಅಂತ ಇಲ್ಲಿ ಚಿಕ್ಕದು ತೆಗೆದುಕೊಂಡಿದ್ದೇವೆ.)

ಹೆಡರ್ 28, ಪೇಲೋಡ್ 33, ಒಟ್ಟು 61. ಮುಂದಿನ ಕೋರಿಕೆ 62ನೇ ಬೈಟಿನಿಂದ ಶುರು.

ಈಗ ಈ ಡಿಸ್ಕ್ ಓದಲು ಮಾತ್ರ, ಬರೆಯಲು ಅನುಮತಿ ಇಲ್ಲ ಅಂತಿಟ್ಟುಕೊಳ್ಳಿ. ಸರ್ವರ್ ಹೆಡರ್ ನೋಡಿದ ತಕ್ಷಣ "ಅನುಮತಿ ಇಲ್ಲ" ಎಂಬ ತಪ್ಪು ಸಂಖ್ಯೆ 1 ಕಳಿಸಿ, ಪೇಲೋಡನ್ನು ಮುಟ್ಟದೆ ಮುಂದಿನ ಹೆಡರ್ ಓದಲು ಹೋಯಿತು. ಅದಕ್ಕೆ ಬೇಕಿದ್ದದ್ದು 37, 96, 149, 19. ಸಿಕ್ಕಿದ್ದು 224, 178, 149, 224. ಅದು "ಕ" ಅಕ್ಷರದ ಮೂರು ಬೈಟ್ ಮತ್ತು "ಲ"ದ ಮೊದಲ ಬೈಟ್! ಇನ್ನು ಆ ಸಂಪರ್ಕವನ್ನು ಕಡಿಯುವುದೊಂದೇ ದಾರಿ.

ಸಂಪರ್ಕ ಕಡಿದರೆ ಪರವಾಗಿಲ್ಲ, ಅದಕ್ಕಿಂತ ಕೆಟ್ಟದ್ದೂ ಆಗಬಹುದು. ಯಾರೋ ಒಬ್ಬರು ಬೇಕಂತಲೇ ತಮ್ಮ ಫೈಲಿನೊಳಗೆ 37, 96, 149, 19 ರಿಂದ ಶುರುವಾಗುವ ಒಂದು ಕಳ್ಳ ಹೆಡರ್ ಬರೆದಿಟ್ಟರೆ? ಎಣಿಕೆ ತಪ್ಪಿದ ಸರ್ವರ್ ಆ ಫೈಲಿನ ಮಾಹಿತಿಯನ್ನೇ ಆಜ್ಞೆ ಅಂತ ತಿಳಿದು ನಡೆಸಿಬಿಡುತ್ತದೆ. ಬೇರೆಯವರ ಮಾಹಿತಿಯ ಮೇಲೆ ಬರೆಯಲೂಬಹುದು. ಮಾಹಿತಿ ಯಾವತ್ತೂ ಆಜ್ಞೆ ಆಗಬಾರದು. ಇದು ಕಂಪ್ಯೂಟರ್ ಭದ್ರತೆಯ ಬಹುಮುಖ್ಯ ಪಾಠ.

4. ಒಳ್ಳೆಯ ಸರ್ವರ್ ಏನು ಮಾಡುತ್ತದೆ?

ಮೊದಲನೆಯದು: ಪೂರಾ ಬರುವವರೆಗೂ ಓದುತ್ತದೆ. 33 ಬೈಟ್ ಕೇಳಿದರೆ ಒಂದು ಸಲಕ್ಕೆ 20 ಮಾತ್ರ ಸಿಗಬಹುದು. ಉಳಿದ 13ಕ್ಕೆ ಮತ್ತೆ ಕೇಳಬೇಕು.

ಎರಡನೆಯದು: ಕೋರಿಕೆಯನ್ನು ತಿರಸ್ಕರಿಸಿದರೂ, ಸಂಪರ್ಕ ಉಳಿಯಬೇಕಾದರೆ, ಪೇಲೋಡನ್ನು ಓದಿ ಚೆಲ್ಲುತ್ತದೆ. ಆಮೇಲೇ ಮುಂದಿನ ಹೆಡರ್.

ಮೂರನೆಯದು: ಚೀಟಿಯ ಮಾತು ನಂಬಿ ಮೆಮೊರಿ ಹಂಚುವುದಿಲ್ಲ. ಉದ್ದಕ್ಕೆ 4 ಬೈಟ್ ಇರುವುದರಿಂದ 4,29,49,67,295 ರವರೆಗೂ ಬರೆಯಬಹುದು. ಅಂದರೆ ಬರೀ 28 ಬೈಟ್ ಕಳಿಸಿ ಸರ್ವರಿನ ಸುಮಾರು 4 ಗಿಗಾಬೈಟ್ ಮೆಮೊರಿ ಕಾದಿರಿಸಬಹುದು! ಅದಕ್ಕೇ ಮಿತಿ ಬೇಕು. ಬೇರೆ ಮಾತಾಗದಿದ್ದರೆ ಕ್ಲೈಂಟ್ 32 ಮೆಬಿಬೈಟ್, ಅಂದರೆ 3,35,54,432 ಬೈಟ್ ಮೀರಬಾರದು ಅನ್ನೋದು ಎನ್‌ಬಿಡಿಯ ರೂಢಿ. ಮೀರಿದರೆ ಸರ್ವರ್ ಸಂಪರ್ಕ ಕಡಿಯಬಹುದು. ಇಲ್ಲವೇ 4096 ಬೈಟಿನ ಒಂದೇ ಪಾತ್ರೆಯಲ್ಲಿ ಮತ್ತೆ ಮತ್ತೆ ತುಂಬಿ ಚೆಲ್ಲಬಹುದು. ಚೆಲ್ಲುವುದಕ್ಕೆ ದೊಡ್ಡ ಪಾತ್ರೆ ಯಾಕೆ, ಹೇಳಿ?

ನಾಲ್ಕನೆಯದು: ಕೆಲಸವಾದ ಮೇಲೆ 16 ಬೈಟಿನ ಉತ್ತರ ಕಳಿಸುತ್ತದೆ: ಗುರುತು 4, ತಪ್ಪು ಸಂಖ್ಯೆ 4 (ತಪ್ಪಿಲ್ಲದಿದ್ದರೆ 0), ಅದೇ ಟೋಕನ್ 8. ಹಲವು ಕೋರಿಕೆಗಳು ಒಟ್ಟಿಗೆ ಬಂದಾಗ ಯಾವ ಉತ್ತರ ಯಾವುದಕ್ಕೆ ಅಂತ ಟೋಕನ್ನಿಂದಲೇ ಗೊತ್ತಾಗೋದು.

ನೆನಪಿಡಿ: "ಆಗಲ್ಲ" ಅನ್ನೋ ಹಕ್ಕು ಸರ್ವರಿಗಿದೆ. ಆದರೆ ಬಂದ ಮೂಟೆ ಎಣಿಸದೆ ಬಿಡುವ ಹಕ್ಕಿಲ್ಲ.

ನೀವೇ ಮಾಡಿ ನೋಡಿ

1. "ಹಿಂದೂಪುರ" ಪದವನ್ನು ಬರೆಯುವ ಕೋರಿಕೆ ಒಟ್ಟು ಎಷ್ಟು ಬೈಟ್?
2. 4096 ಬೈಟ್ "ಓದು" ಎಂಬ ಕೋರಿಕೆ ಬಂದಿದೆ. ಮುಂದಿನ ಕೋರಿಕೆ ಎಷ್ಟನೇ ಬೈಟಿನಿಂದ?
3. ಡಿಸ್ಕ್ 10,000 ಬೈಟ್ ಇದೆ. 9,990ರಿಂದ 24 ಬೈಟ್ ಬರೆಯಲು ಕೇಳಿದ್ದಾರೆ. ಸರ್ವರ್ ಏನು ಮಾಡಬೇಕು?
4. ತರಗತಿಯಲ್ಲಿ ಒಬ್ಬರು ಕ್ಲೈಂಟ್, ಒಬ್ಬರು ಸರ್ವರ್ ಆಗಿ. ಕಡಲೆಕಾಯಿಗಳನ್ನೇ ಬೈಟ್ ಮಾಡಿಕೊಂಡು ಚೀಟಿ ಆಟ ಆಡಿ. ಒಂದು ಸಲ ಬೇಕಂತಲೇ ಎಣಿಕೆ ತಪ್ಪಿಸಿ, ಏನಾಗುತ್ತೆ ನೋಡಿ.

ಉತ್ತರಗಳು: (1) ಹ, ಿ, ಂ, ದ, ೂ, ಪ, ು, ರ: 8×3=24; 28+24=52. (2) 29ನೇ ಬೈಟಿನಿಂದ. (3) 9,990+24=10,014, ಡಿಸ್ಕನ್ನು ಮೀರಿತು. 24 ಬೈಟನ್ನೂ ಓದಿ ಚೆಲ್ಲಿ, "ಜಾಗ ಇಲ್ಲ" ಎಂಬ ತಪ್ಪು ಸಂಖ್ಯೆ 28 ಕಳಿಸಬೇಕು.