ಒಂದು ಗದ್ದೆ ನೋಡಿ ನಾಟಿ ಮುಗೀತು ಅನ್ನಬೇಡ

ತಮ್ಮಾ, ಬಿಎಸ್ಸಿಗೆ ಅಂತ ರಾಯಚೂರು ಸೇರಿದ ಮೇಲೆ ನೀನು ತೀರ್ಪು ಕೊಡೋದರಲ್ಲಿ ಭಾಳ ಚುರುಕಾಗೀದಿ. ಮೊನ್ನೆ ಲ್ಯಾಬಿನಲ್ಲಿ ಒಂದೇ ರೀಡಿಂಗ್ ತೆಗೆದು, ‘ಗೊತ್ತಾತು ಬಿಡು ಅಜ್ಜಾ’ ಅಂದಿ. ಅದಕ್ಕೇ ಈ ಮಾತು.

ನಾನು ಹುಟ್ಟಿದ್ದು ಲಿಂಗಸುಗೂರು ಕಡೆಯ ಒಣಬೇಸಾಯದ ಹಳ್ಳಿಯಲ್ಲಿ. ಜೋಳ, ಸಜ್ಜೆ, ತೊಗರಿ ಬಿಟ್ಟರೆ ಬೇರೆ ಬೆಳೆ ಕಂಡವನಲ್ಲ. ಮಾಸ್ತರಿಕೆ ಸಿಕ್ಕು ಸಿಂಧನೂರಿಗೆ ಬಂದ ಮೊದಲ ಮಳೆಗಾಲ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟಿದ್ದರು. ಶಾಲೆ ಪಕ್ಕದ ಗದ್ದೆಗೆ ಬೆಳಿಗ್ಗೆ ಹೆಣ್ಣಾಳುಗಳು ಇಳಿದರು. ಸಂಜೆಗೆ ನಾಟಿ ಮುಗಿಸಿ, ಕಾಲುವೆಯಲ್ಲಿ ಕೈಕಾಲು ತೊಳೆದುಕೊಂಡು ಹೋದರು. ‘ಇಲ್ಲಿ ಭತ್ತದ ನಾಟಿ ಒಂದು ದಿನದ ಕೆಲಸ’ ಅಂತ ಅಪ್ಪನಿಗೆ ಕಾರ್ಡು ಬರೆದೆ. ಮರುದಿನ ಅದೇ ಗುಂಪು ಪಕ್ಕದ ಗದ್ದೆಯಲ್ಲಿತ್ತು, ವಾರದ ಮೇಲೆ ಹಳ್ಳದ ಆಚೆ. ನೀರು ಉಪಕಾಲುವೆ ಹಿಡಿದು ಹೋದ ಹಾಗೆ ನಾಟಿಯೂ ಹೋಯಿತು. ಕೊನೆ ಭಾಗದವರು ಸಸಿ ಕೀಳುವ ಹೊತ್ತಿಗೆ ನಮ್ಮ ಶಾಲೆ ಪಕ್ಕದ ಪೈರಿಗೆ ಎರಡನೇ ಸಲ ಗೊಬ್ಬರ ಬಿದ್ದಿತ್ತು.

ಆಕಾಶ ನೋಡುವವರೂ ಇಂಥದೇ ಒಂದು ಕಾರ್ಡು ಬರೆದಿದ್ದರು. ನಮ್ಮ ಆಕಾಶಗಂಗೆಯ ಮುಂದೆ ತೀರಾ ಚಿಕ್ಕವಾದ ಕುಬ್ಜ ಗೆಲಾಕ್ಸಿಗಳಿವೆ. ಕೆಲವಲ್ಲಿ ಒಮ್ಮೊಮ್ಮೆ ನಕ್ಷತ್ರಗಳು ಎಂದಿಗಿಂತ ಹಲವು ಪಟ್ಟು ವೇಗದಲ್ಲಿ ಹುಟ್ಟುತ್ತವೆ. ಅದಕ್ಕೆ ಸ್ಟಾರ್‌ಬರ್ಸ್ಟ್ ಅನ್ನುತ್ತಾರೆ. ಹೆಸರು ಕೇಳಿ ಸಿಡಿಯೋದು ಅಂದುಕೋಬೇಡ, ಅದು ಹುಟ್ಟಿನ ಸುಗ್ಗಿ. ಆ ಸುಗ್ಗಿ 50 ಲಕ್ಷದಿಂದ 1 ಕೋಟಿ ವರ್ಷಕ್ಕೆ ಮುಗಿಯುತ್ತದೆ ಅಂತ ಲೆಕ್ಕ ಹಾಕಿದ್ದರು. ಯಾಕೆಂದರೆ ಅವರ ಕಣ್ಣಿದ್ದದ್ದು ನೀಲಿಯಾಗಿ ಹೊಳೆಯುವ ಕೆಲವೇ ತುಣುಕುಗಳ ಮೇಲೆ, ಮತ್ತು ಅಲ್ಲಿನ ದೈತ್ಯ ನಕ್ಷತ್ರಗಳ ಆಯುಷ್ಯವೇ ಹೆಚ್ಚುಕಡಿಮೆ ಅಷ್ಟು. ಅವು ಸಾಯುವಾಗ ಸಿಡಿದು, ಇದ್ದ ಅನಿಲವನ್ನೆಲ್ಲ ಹೊರಗೆ ಊದಿಬಿಡುತ್ತವೆ, ಅಲ್ಲಿಗೆ ಹೆರಿಗೆ ನಿಲ್ಲುತ್ತದೆ ಅಂತಲೂ ನಂಬಿಕೆ.

2009ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಕ್ರಿಸ್ಟನ್ ಮೆಕ್ವಿನ್ ಮತ್ತು ಸಂಗಡಿಗರು ಹಬಲ್ ದೂರದರ್ಶಕದ ಚಿತ್ರಗಳನ್ನು ಹರವಿಕೊಂಡು ಕೂತರು. ಎನ್‌ಜಿಸಿ 4163, ಎನ್‌ಜಿಸಿ 4068, ಐಸಿ 4662 ಎಂಬ ಮೂರು ಕುಬ್ಜ ಗೆಲಾಕ್ಸಿಗಳು. ದೂರ 80 ಲಕ್ಷದಿಂದ 1.4 ಕೋಟಿ ಜ್ಯೋತಿರ್ವರ್ಷ. ಒಂದೊಂದೇ ನಕ್ಷತ್ರ ಬಿಡಿಸಿ, ಬಣ್ಣ ಮತ್ತು ಹೊಳಪಿನಿಂದ ವಯಸ್ಸು ಅಂದಾಜಿಸಿದರು. ನಮ್ಮ ರೈತರು ಬದುವಿನ ಮೇಲೆ ನಿಂತು ಮಾಡುವುದೂ ಇದನ್ನೇ ಅಲ್ಲವೇ? ನಾಟಿ ಹಚ್ಚಿದ ಹೊಸತರಲ್ಲಿ ಪೈರು ಹಳದಿಗೆ ತಿರುಗಿ ಸೊರಗುತ್ತದೆ, ಬೇರು ಹಿಡಿದ ಮೇಲೆ ಕಡುಹಸಿರು. ಯಾವ ಗದ್ದೆ ಎಂದು ನಾಟಿಯಾಯಿತು ಅನ್ನೋದು ಬಣ್ಣದಲ್ಲೇ ಬರೆದಿರುತ್ತದೆ.

ಉತ್ತರ ಬಂತು: ಸುಗ್ಗಿ ನಡೆದದ್ದು 20ರಿಂದ 40 ಕೋಟಿ ವರ್ಷ. ಒಂದು ತುಣುಕಿನಲ್ಲಿ ಆರಿದ್ದು ಇನ್ನೊಂದರಲ್ಲಿ ಹೊತ್ತಿಕೊಳ್ಳುತ್ತಿತ್ತು. 2010ರಲ್ಲಿ ಇನ್ನೂ ಹೆಚ್ಚು ಗೆಲಾಕ್ಸಿ ನೋಡಿದಾಗ, 15 ಗೆಲಾಕ್ಸಿಗಳಲ್ಲಿ ಅದು 45ರಿಂದ 65 ಕೋಟಿ ವರ್ಷ ಅಂತಾಯಿತು.

ನಮ್ಮವರೂ ಸುಮ್ಮನಿಲ್ಲ. 2015ರಲ್ಲಿ ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹದ ಅತಿನೇರಳೆ ದೂರದರ್ಶಕ ಜೋಡಣೆಯಾದದ್ದು ಹೊಸಕೋಟೆಯಲ್ಲಿ. ಅದರಿಂದ 11 ಕುಬ್ಜ ಗೆಲಾಕ್ಸಿಗಳ ಮಸುಕು ಅಂಚಿನಲ್ಲೂ ಎಳೆಯ ನಕ್ಷತ್ರಗಳ ಬೆಳಕು ಕಂಡದ್ದು 2022ರಲ್ಲಿ ಪ್ರಕಟವಾಯಿತು. ನಡುಮಧ್ಯವನ್ನೇ ನೋಡಿದವರಿಗೆ ಅದು ಕಾಣುವಂಥದ್ದಲ್ಲ.

  

ಬರುವ ಆಗಸ್ಟಿನಲ್ಲಿ ರಜೆಗೆ ಬಂದಾಗ ಲಿಂಗಸುಗೂರಿನಲ್ಲಿ ಸಿಂಧನೂರು ಬಸ್ಸು ಹತ್ತು, ಕಿಟಕಿ ಪಕ್ಕ ಕೂಡು. ಮಸ್ಕಿ ದಾಟಿದ ಮೇಲೆ ಮೊಬೈಲು ಕಿಸೆಗೆ ಹಾಕಿ, ಗದ್ದೆಗಳ ಬಣ್ಣ ಒಂದೊಂದಾಗಿ ಬರೆದುಕೊಂಡು ಬಾ. ನಾಟಿ ಎಷ್ಟು ದಿನ ನಡೀತು ಅಂತ ಆಮೇಲೆ ನನಗೆ ಹೇಳು.