ಹೋದ ದುಡ್ಡಿನ ಬೆನ್ನು ಹತ್ತದಿರಿ: ಆನ್‌ಲೈನ್ ಇಸ್ಪೀಟಿನಲ್ಲಿ ಸೋತವರು ಈಗ ಮಾಡಬೇಕಾದ್ದು

ಹುಳಿಯಾರು, ಕಂದಿಕೆರೆ, ಶೆಟ್ಟಿಕೆರೆ ಕಡೆ ಬೋರು ಕೊರೆಸಿದವರಿಗೆಲ್ಲ ಗೊತ್ತಿರುವ ಒಂದು ಮಾತಿದೆ. ಏಳುನೂರು ಅಡಿ ಆದರೂ ಬರೀ ಧೂಳು ಹಾರುತ್ತಿರುತ್ತದೆ, ಲಾರಿಯವನು ನಮ್ಮ ಮುಖ ನೋಡುತ್ತಾನೆ, ನಾವು ‘ಇಷ್ಟು ಹೋಗಿದೀವಿ, ಇನ್ನೊಂದು ಐವತ್ತಡಿ ನೋಡಿಬಿಡಣ’ ಅನ್ನುತ್ತೇವೆ. ಆ ಐವತ್ತಡಿಯನ್ನು ಕೊರೆಸುವುದು ನೀರಿನ ಸುಳಿವು ಸಿಕ್ಕಿತೆಂದಲ್ಲ, ಆಗಲೇ ಸುರಿದ ದುಡ್ಡು ಕಣ್ಣಿಗೆ ಕಟ್ಟಿದ್ದರಿಂದ. ನಮ್ಮ ತೋಟದಲ್ಲೂ ಹೀಗೆ ಕೊರೆಸಿ ಮುಚ್ಚಿದ ಎರಡು ಕುಳಿಗಳಿವೆ.

ಫೋನಿನಲ್ಲಿ ಪೋಕರ್, ರಮ್ಮಿ ಆಡಿ ಸೋತವರು ರಾತ್ರಿ ಒಂದು ಗಂಟೆಗೆ ಮತ್ತೆ ಐನೂರು ಹಾಕುವುದೂ ಇದೇ ಲೆಕ್ಕದ ಮೇಲೆ. ‘ತಾಳ್ಮೆಯಿಂದ ಆಡಿದರೆ ಹೋದದ್ದು ಬರುತ್ತೆ’ ಎಂದು ಆಟ ಕಲಿಸುವವರು ಹೇಳಿಕೊಡುತ್ತಾರೆ. ತಾಳ್ಮೆ ಬೇಕು, ನಿಜ. ಆದರೆ ಅದನ್ನು ಎಲ್ಲಿ ಇಡಬೇಕು ಎಂಬುದರಲ್ಲಿ ಅವರಿಗೂ ನನಗೂ ಭಿನ್ನಾಭಿಪ್ರಾಯ ಇದೆ. ಸೋತು ಕೂತವರಿಗೆ, ಅವರ ಮನೆಯವರಿಗೆ ನೆರವಾಗಲಿ ಎಂದು ಮುಂದಿನ ಹೆಜ್ಜೆಗಳನ್ನು ಬರೆಯುತ್ತಿದ್ದೇನೆ.

ಮೊದಲು ಕಾನೂನು ತಿಳಿದುಕೊಳ್ಳಿ, ಹೆದರಬೇಡಿ

ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟುವ ಆನ್‌ಲೈನ್ ಆಟ ನಿಷೇಧಿಸಿತ್ತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಅದನ್ನು ರದ್ದು ಮಾಡಿತು. ಆಮೇಲೆ ಸಂಸತ್ತೇ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆ ಮಾಡಿತು. ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 2025ರ ಆಗಸ್ಟ್ 22ರಂದು. ಕೌಶಲದ ಆಟವೋ ಅದೃಷ್ಟದ ಆಟವೋ ಎಂಬ ಭೇದವನ್ನು ಅದು ಮಾಡುವುದಿಲ್ಲ. ದುಡ್ಡು ಕಟ್ಟಿಸಿಕೊಂಡು ಆಡಿಸಿದರೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಜಾಹೀರಾತು ಕೊಟ್ಟವರಿಗೂ ಶಿಕ್ಷೆಯಿದೆ. ಆಡಿದವರಿಗೆ ಮಾತ್ರ ಈ ಕಾಯ್ದೆಯಲ್ಲಿ ಶಿಕ್ಷೆ ಇಟ್ಟಿಲ್ಲ. ಆದ್ದರಿಂದ ಸೋತಿದ್ದನ್ನು ಮನೆಯಲ್ಲಿ, ಡಾಕ್ಟರ ಬಳಿ, ಬ್ಯಾಂಕಿನಲ್ಲಿ ಹೇಳಿಕೊಳ್ಳಲು ಅಂಜಬೇಕಿಲ್ಲ.

ಈಗಲೂ ಟೆಲಿಗ್ರಾಂ, ವಾಟ್ಸ್‌ಆ್ಯಪ್ ಲಿಂಕಿನಲ್ಲಿ ಬರುವ ಆಟಗಳು ಕದ್ದು ನಡೆಸುವಂಥವು. ಅಲ್ಲಿ ಗೆದ್ದರೂ ದುಡ್ಡು ಕೈಗೆ ಬರುತ್ತದೆಂಬ ಖಾತ್ರಿ ಇಲ್ಲ, ಬರದಿದ್ದರೆ ಕೇಳಲು ಯಾವ ಬಾಗಿಲೂ ಇಲ್ಲ. ‘ನಿನ್ನ ಬ್ಯಾಂಕ್ ಖಾತೆ ಕೊಡು, ತಿಂಗಳಿಗೆ ಇಷ್ಟು ಕೊಡ್ತೀವಿ’ ಎಂದು ಕೇಳುವವರೂ ಇದ್ದಾರೆ. ಕೊಡಲೇಬೇಡಿ. ಬೇರೆಯವರು ಕಳೆದುಕೊಂಡ ಹಣ ನಿಮ್ಮ ಖಾತೆಯಲ್ಲಿ ಓಡಾಡಿದರೆ ಪೊಲೀಸರು ಬರುವುದು ನಿಮ್ಮ ಮನೆಗೆ.

ಸೋಲಿನ ಲೆಕ್ಕ ಅರ್ಥ ಮಾಡಿಕೊಳ್ಳಿ

ಈ ಹೆಜ್ಜೆಗೆ ಸ್ವಲ್ಪ ಹೆಚ್ಚು ಹೊತ್ತು ಕೊಡಿ. ಇದು ತಲೆಗೆ ಹತ್ತಿದರೆ ಉಳಿದದ್ದು ಹಗುರ.

ಪೋಕರಿನಲ್ಲಿ ಎರಡು ಎಕ್ಕ ಕೈಗೆ ಬಂದರೆ ಅದಕ್ಕಿಂತ ಒಳ್ಳೆಯ ಆರಂಭ ಇಲ್ಲ. ಎದುರಿನವನ ಕೈಯಲ್ಲಿ ಎರಡು ರಾಜ ಇದ್ದು, ಇಬ್ಬರೂ ಇದ್ದಬದ್ದ ಚಿಪ್ಪನ್ನೆಲ್ಲ ಮುಂದೆ ತಳ್ಳಿದರೂ ಎಕ್ಕದವನು ಗೆಲ್ಲುವುದು ನೂರಕ್ಕೆ ಸುಮಾರು ಎಂಬತ್ತೆರಡು ಸಲ. ಅಂದರೆ ಏನೂ ತಪ್ಪು ಮಾಡದೆ ಐದಾರು ಸಲಕ್ಕೊಮ್ಮೆ ಮನೆಗೆ ಹೋಗಬೇಕು. ಟೂರ್ನಿಯಲ್ಲಿ ಇಂಥ ಗಂಡಾಂತರ ಒಂದಲ್ಲ, ಹತ್ತಾರು ದಾಟಬೇಕು. ದೊಡ್ಡ ಟೂರ್ನಿಗಳಲ್ಲಿ ಬಹುಮಾನ ಸಿಗುವುದೇ ನೂರಕ್ಕೆ ಹತ್ತು ಹದಿನೈದು ಜನಕ್ಕೆ, ಅದರಲ್ಲೂ ದೊಡ್ಡ ಪಾಲು ಮೊದಲ ಕೆಲವೇ ಜನರಿಗೆ. ಆದ್ದರಿಂದ ಪಳಗಿದ ಆಟಗಾರನೂ ಹೆಚ್ಚಿನ ದಿನ ಸೋತೇ ಏಳುತ್ತಾನೆ. ಇದಲ್ಲದೆ ಪ್ರವೇಶ ಶುಲ್ಕದಲ್ಲಿ ಆಡಿಸುವವನು ತನ್ನ ಪಾಲನ್ನು ಮೊದಲೇ ಹಿಡಿದಿರುತ್ತಾನೆ. ನೂರು ಜನ ತಲಾ ನೂರು ರೂಪಾಯಿ ಕಟ್ಟಿ, ಅದರಲ್ಲಿ ಹತ್ತು ರೂಪಾಯಿ ಅವನದಾದರೆ, ಹತ್ತು ಸಾವಿರದಲ್ಲಿ ಹಂಚಿಕೆಗೆ ಉಳಿಯುವುದು ಒಂಬತ್ತು ಸಾವಿರ.

ಇಸ್ಪೀಟಿನ ಎಲೆಗೆ ನಿನ್ನೆಯ ನೆನಪಿಲ್ಲ. ಹತ್ತು ಸಲ ಸೋತವನಿಗೆ ಹನ್ನೊಂದನೇ ಸಲ ಗೆಲುವು ‘ಬಾಕಿ’ ಇರುವುದಿಲ್ಲ. ಸೋತ ಸಿಟ್ಟಿನಲ್ಲಿ ಲೆಕ್ಕ ತಪ್ಪಿ ಆಡುವುದನ್ನು ಪೋಕರ್ ಆಡುವವರು ಟಿಲ್ಟ್ ಅನ್ನುತ್ತಾರೆ, ಅಂದರೆ ವಾಲಿದ ಸ್ಥಿತಿ. ಯುಗಾದಿಗೆ ಊರಲ್ಲಿ ಎಲೆ ಹಾಕಿ ಕೂತಾಗ ಯಾರಾದರೂ ವಾಲಿದರೆ, ಪಕ್ಕದ ಹಿರಿಯರೊಬ್ಬರು ‘ಸಾಕು ಏಳಪ್ಪ, ಮನೇಲಿ ಕಾಯ್ತಾವ್ರೆ’ ಎಂದು ಎಬ್ಬಿಸುತ್ತಿದ್ದರು. ಕಂಬಳಿಯೊಳಗೆ ಫೋನು ಹಿಡಿದವನನ್ನು ಎಬ್ಬಿಸುವವರು ಯಾರೂ ಇಲ್ಲ. ಈ ಆಟ ಇಷ್ಟು ಆಳಕ್ಕೆ ಎಳೆಯುವುದು ಅದಕ್ಕೇ ಎಂದು ನನ್ನ ನಂಬಿಕೆ.

ಇವತ್ತೇ ಬಾಗಿಲು ಹಾಕಿ

ಹಳೆಯ ಆ್ಯಪಿನಲ್ಲಿ ನಿಮ್ಮ ಬಾಕಿ ಹಣ ಉಳಿದಿದ್ದರೆ ಅದೇ ಆ್ಯಪಿನೊಳಗಿಂದ ತೆಗೆದುಕೊಳ್ಳಿ. ‘ಮೊದಲು ಇಷ್ಟು ಶುಲ್ಕ ಕಟ್ಟಿ, ಬಿಡಿಸಿಕೊಡ್ತೀವಿ’ ಎನ್ನುವ ಫೋನು ಬಂದರೆ ಅದು ಎರಡನೇ ಮೋಸ. ತೆಗೆದ ಮೇಲೆ ಆ್ಯಪು, ಅದರ ಫೈಲು, ಗುಂಪುಗಳು ಎಲ್ಲವನ್ನೂ ಅಳಿಸಿ. ಯುಪಿಐನಲ್ಲಿ ಆಟೋಪೇ ಎಂಬ ಕಡೆ ಹೋಗಿ, ಆಟದವರಿಗೆ ಒಪ್ಪಿಗೆ ಕೊಟ್ಟದ್ದು ಏನಿದ್ದರೂ ರದ್ದು ಮಾಡಿ. ದಿನಕ್ಕೆ ಕಳಿಸಬಹುದಾದ ಮೊತ್ತವನ್ನು ಎರಡು ಸಾವಿರಕ್ಕೋ ಮೂರು ಸಾವಿರಕ್ಕೋ ಇಳಿಸಿ. ಬ್ಯಾಂಕ್ ಆ್ಯಪಿನಲ್ಲಿ ಆಗದಿದ್ದರೆ ಶಾಖೆಗೆ ಹೋಗಿ ಕೇಳಿ. ರಾತ್ರಿ ಫೋನು ಮಲಗುವ ಕೋಣೆಯಲ್ಲಿ ಬೇಡ, ನಡುಮನೆಯಲ್ಲಿ ಚಾರ್ಜಿಗೆ ಇರಲಿ.

ಒಬ್ಬರಿಗೆ ಹೇಳಿ

ಅಪ್ಪನಿಗೇ ಹೇಳಬೇಕೆಂದಿಲ್ಲ. ಅಕ್ಕ, ಭಾವ, ಚಿಕ್ಕಪ್ಪ, ಹೆಂಡತಿ, ಯಾರು ಕೂಗಾಡದೆ ಕೇಳುತ್ತಾರೋ ಅವರು. ಆದರೆ ಮೊತ್ತವನ್ನು ಪೂರ್ತಿ ಹೇಳಿ. ಎರಡು ಲಕ್ಷ ಇರುವಾಗ ಐವತ್ತು ಸಾವಿರ ಅಂದರೆ, ಉಳಿದ ಒಂದೂವರೆ ಲಕ್ಷವೇ ನಿಮ್ಮನ್ನು ಮತ್ತೆ ಆಟಕ್ಕೆ ದಬ್ಬುತ್ತದೆ.

ಹೇಳಿಸಿಕೊಂಡ ಮನೆಯವರಲ್ಲಿ ಒಂದು ಬೇಡಿಕೆ. ಆ ಹೊತ್ತಿನಲ್ಲಿ ಅವಮಾನದ ಮಾತು ಆಡಬೇಡಿ. ಹಾಗೆಂದು ಮರುದಿನವೇ ಒಡವೆ ಮಾರಿ ಎಲ್ಲ ಸಾಲ ತೀರಿಸಿ ಕೈತೊಳೆದುಕೊಳ್ಳಲೂ ಹೋಗಬೇಡಿ. ಪಟ್ಟಿ ನೋಡದೆ, ಫೋನಿನ ಬಾಗಿಲು ಹಾಕದೆ ತೀರಿಸಿದ ಸಾಲ ಮತ್ತೆ ಹುಟ್ಟುತ್ತದೆ.

ನಿದ್ದೆ ಬರುತ್ತಿಲ್ಲ, ಕೈ ತಾನಾಗಿ ಫೋನಿಗೆ ಹೋಗುತ್ತಿದೆ, ಬದುಕೇ ಬೇಡ ಅನ್ನಿಸುತ್ತಿದೆ ಎಂದರೆ ತಡಮಾಡದೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನು ಮಾಡಿ. ಹಗಲು ರಾತ್ರಿ ಇರುತ್ತದೆ, ಖರ್ಚಿಲ್ಲ, ಕನ್ನಡದಲ್ಲೇ ಮಾತಾಡಬಹುದು. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೂ ಮನೋವೈದ್ಯರು ಬರುತ್ತಾರೆ, ನಿಮ್ಮಲ್ಲಿ ಯಾವ ದಿನ ಎಂದು ವಿಚಾರಿಸಿಕೊಳ್ಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಫೋನು, ಆನ್‌ಲೈನ್ ಆಟದ ಗೀಳಿಗೆಂದೇ ಶಟ್ ಕ್ಲಿನಿಕ್ 2014ರಿಂದ ನಡೆಯುತ್ತಿದೆ.

ಸಾಲವನ್ನು ಬಡ್ಡಿಯ ಪ್ರಕಾರ ಜೋಡಿಸಿ

ಒಂದು ನೋಟ್ ಬುಕ್ಕಿನಲ್ಲಿ ಯಾರಿಗೆ, ಎಷ್ಟು, ಬಡ್ಡಿ ಎಷ್ಟು ಎಂದು ಬರೆಯಿರಿ. ಮೊತ್ತ ದೊಡ್ಡದೋ ಚಿಕ್ಕದೋ ಎಂದು ನೋಡಬೇಡಿ, ಬಡ್ಡಿ ಹೆಚ್ಚಿರುವುದು ಮೇಲೆ ಬರಲಿ. ಸಾಮಾನ್ಯವಾಗಿ ಮೊದಲು ಬರುವುದು ಲೋನ್ ಆ್ಯಪ್, ಆಮೇಲೆ ಕೈಸಾಲ, ಕೊನೆಗೆ ಬ್ಯಾಂಕಿನ ಚಿನ್ನದ ಸಾಲ. ಮೂರು ರೂಪಾಯಿ ಬಡ್ಡಿಯ ಕೈಸಾಲ ಒಂದು ಲಕ್ಷ ಇದ್ದರೆ ತಿಂಗಳಿಗೆ ಮೂರು ಸಾವಿರ, ವರ್ಷಕ್ಕೆ ಮೂವತ್ತಾರು ಸಾವಿರ. ಒಡವೆಯನ್ನು ಬ್ಯಾಂಕಿನಲ್ಲಿಟ್ಟು ಕೈಸಾಲ ತೀರಿಸಿದರೂ ಬಡ್ಡಿಯಲ್ಲಿ ದೊಡ್ಡ ಉಳಿತಾಯ.

ಲೋನ್ ಆ್ಯಪಿನವರು ನಿಮ್ಮ ಫೋಟೊ ತಿದ್ದಿ ನೆಂಟರಿಗೆಲ್ಲ ಕಳಿಸುತ್ತೇವೆಂದು ಹೆದರಿಸಿದರೆ ಅದು ಅಪರಾಧ. ಸ್ಕ್ರೀನ್‌ಶಾಟ್ ಇಟ್ಟುಕೊಂಡು ಸೈಬರ್ ಸಹಾಯವಾಣಿ 1930ಕ್ಕೆ ತಿಳಿಸಿ, ಠಾಣೆಯಲ್ಲಿ ದೂರು ಕೊಡಿ. ರಿಸರ್ವ್ ಬ್ಯಾಂಕಿನ ನಿಯಮದಂತೆ ಬೆಳಿಗ್ಗೆ ಎಂಟಕ್ಕೆ ಮೊದಲು, ಸಂಜೆ ಏಳರ ನಂತರ ವಸೂಲಿಗೆ ಫೋನು ಮಾಡುವಂತಿಲ್ಲ. ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ನಮ್ಮ ರಾಜ್ಯದಲ್ಲಿ 2025ರಲ್ಲಿ ಕಾನೂನೂ ಬಂದಿದೆ.

ಅಟ್ಟದ ಕಾಯಿಯ ಪ್ರಶ್ನೆ

ಸಂಬಳದವರಿಗೆ ತಿಂಗಳ ಕಂತು ಸರಿ. ನಮ್ಮದು ತೆಂಗಿನ ಸೀಮೆ. ಕಾಯಿ ಕೆಡವಿದಾಗ ಒಂದಿಷ್ಟು, ಕೊಬ್ಬರಿ ಮಾರಿದಾಗ ಒಂದು ಗಂಟು. ಆದ್ದರಿಂದ ಸಾಲ ಕೊಟ್ಟವರ ಹತ್ತಿರ ಕಾಯಿ ಕೆಡವುವ ಲೆಕ್ಕಕ್ಕೆ ಕಂತು ಗೊತ್ತು ಮಾಡಿಕೊಳ್ಳಿ. ಪ್ರತಿ ತಿಂಗಳೂ ಕೊಡುತ್ತೇನೆಂದು ಮಾತು ಕೊಟ್ಟು ತಪ್ಪುವುದಕ್ಕಿಂತ ಇದು ಮರ್ಯಾದೆ.

ಉಂಡೆ ಕೊಬ್ಬರಿ ಆಗಲು ಕಾಯಿ ಅಟ್ಟದಲ್ಲಿ ಎಂಟರಿಂದ ಹನ್ನೆರಡು ತಿಂಗಳು ಕೂರಬೇಕು. ಒಳಗಿನ ನೀರು ಬತ್ತಿ, ಅಲ್ಲಾಡಿಸಿದರೆ ಗಿಟುಕು ಸದ್ದು ಮಾಡುವ ತನಕ ಯಾರೂ ಒಡೆಯುವುದಿಲ್ಲ. ಕಾಯುವುದು ನಮಗೆ ಗೊತ್ತಿರುವ ಕೆಲಸ. ಆದರೆ ಗಿಟುಕಾದ ಮೇಲೂ ‘ರೇಟು ಬರಲಿ’ ಎಂದು ಕಾಯುವುದು ಬೇರೆ. 2023ರಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ಕೊಬ್ಬರಿ ಬೆಂಬಲ ಬೆಲೆಗಿಂತ ಎಷ್ಟೋ ಕೆಳಗೆ ಬಿತ್ತು. ಆಗ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ. 2025ರಲ್ಲಿ ಅದೇ ಮಾರುಕಟ್ಟೆ ಹಿಂದೆ ಕಾಣದಷ್ಟು ಮೇಲೇರಿತು. ಎರಡನ್ನೂ ಮೊದಲೇ ಹೇಳಿದವರನ್ನು ನಾನು ಕಾಣೆ. ಸಾಲ ಇಲ್ಲದವರು ಬೇಕಾದರೆ ಕಾಯಲಿ. ಮೂರು ರೂಪಾಯಿ ಬಡ್ಡಿ ತಲೆ ಮೇಲಿರುವವರು ಕಾಯುವುದು ಕೂಡ ಪಂದ್ಯ ಕಟ್ಟಿದಂತೆಯೇ. ಬೆಲೆ ವರ್ಷಕ್ಕೆ ನೂರಕ್ಕೆ ಮೂವತ್ತಾರು ಏರಿದರಷ್ಟೇ ನೀವು ಸಮ. ಸಾಲಕ್ಕೆ ಬೇಕಾಗುವಷ್ಟು ಕೊಬ್ಬರಿ ಈಗಲೇ ಮಾರಿ, ಉಳಿದದ್ದು ಅಟ್ಟದಲ್ಲಿರಲಿ.

ಆಟವೇ ಬೇಕೆನಿಸಿದರೆ

ಬೇಕೆನಿಸುತ್ತದೆ, ಸಹಜ. ಎದುರಾಳಿ, ಲೆಕ್ಕಾಚಾರ, ಎದೆ ಹೊಡೆದುಕೊಳ್ಳುವ ಆ ಹೊತ್ತು, ಇದರಲ್ಲಿ ಕೆಟ್ಟದ್ದೇನಿಲ್ಲ. ದುಡ್ಡು ಕಟ್ಟದ ಆಟಕ್ಕೆ ಕಾನೂನಿನ ಅಡ್ಡಿಯೂ ಇಲ್ಲ. ಲಿಚೆಸ್ ತಾಣದಲ್ಲಿ ಚೆಸ್ ಟೂರ್ನಿಗಳು ಪೂರ್ತಿ ಉಚಿತ, ಜಾಹೀರಾತೂ ಇಲ್ಲ. ಅಲ್ಲೂ ಕಟ್ಟುನಿಟ್ಟಾಗಿರಿ: ಸತತ ಎರಡು ಸೋತರೆ ಅವತ್ತಿಗೆ ಮುಗಿಯಿತು. ಮರುದಿನ ಬೆಳಿಗ್ಗೆ ಆ ಎರಡು ಆಟಗಳನ್ನು ತೆರೆದು ಎಲ್ಲಿ ಎಡವಿದೆ ಎಂದು ನೋಡಿ, ಆಮೇಲೆ ಮೂರನೆಯದು. ಸೋಲನ್ನು ಸಿಟ್ಟಿಲ್ಲದೆ ನೋಡುವ ಅಭ್ಯಾಸ ಹೀಗೆ ಬರುತ್ತದೆ. ಎಲೆಯಾಟದಲ್ಲಿ ಇದು ಕಷ್ಟ, ಏಕೆಂದರೆ ಅಲ್ಲಿ ಸರಿಯಾಗಿ ಆಡಿಯೂ ಸೋಲಬಹುದು.

ಮತ್ತೊಮ್ಮೆ ಜಾರಿದರೆ

ಮೂರು ತಿಂಗಳು ಬಿಟ್ಟಿದ್ದು ಒಂದು ರಾತ್ರಿ ಎಂಟುನೂರು ಹಾಕಿಬಿಟ್ಟಿರಿ ಅನ್ನಿ. ‘ಹೇಗೂ ಕೆಟ್ಟೆ’ ಎಂದು ಎಂಟು ಸಾವಿರಕ್ಕೆ ಹೋಗುವುದು ಆ ಘಳಿಗೆಯಲ್ಲೇ. ಎಂಟುನೂರನ್ನು ನೋಟ್ ಬುಕ್ಕಿನಲ್ಲಿ ಬರೆದು, ಬೆಳಗಾಗುವ ಮೊದಲು ನಿಮ್ಮ ಆ ಒಬ್ಬರಿಗೆ ಹೇಳಿ. ಮೂರು ತಿಂಗಳು ಬಿಟ್ಟದ್ದು ಅಳಿಸಿಹೋಗಿಲ್ಲ.

ಎಲ್ಲಕ್ಕಿಂತ ಎಚ್ಚರ ಬೇಕಾದ ದಿನ ಕೊಬ್ಬರಿ ಹಣ ಖಾತೆಗೆ ಬೀಳುವ ದಿನ. ಲಕ್ಷ ಬಂತೆಂದು ಫೋನು ಟಿಣ್ ಅಂದಾಗ, ಹಳೆಯ ಸೋಲನ್ನೆಲ್ಲ ಒಂದೇ ರಾತ್ರಿ ತೀರಿಸಿಬಿಡುವ ಆಸೆ ಬರುತ್ತದೆ. ಅವತ್ತು ಒಬ್ಬರೇ ಮಂಡಿಗೆ ಹೋಗಬೇಡಿ, ಸಾಲದ ವಿಷಯ ತಿಳಿದವರನ್ನು ಜೊತೆಗೆ ಕರೆದೊಯ್ಯಿರಿ. ಮಾರುಕಟ್ಟೆಯಿಂದ ನೇರ ಬ್ಯಾಂಕಿಗೆ ಹೋಗಿ, ಪಟ್ಟಿಯ ಮೇಲಿನ ಸಾಲ ಕಟ್ಟಿ, ರಸೀತಿ ತೆಗೆದುಕೊಳ್ಳಿ. ಗೊಬ್ಬರಕ್ಕೆ, ಮನೆಗೆ ಬೇಕಾದಷ್ಟು ಬಿಟ್ಟು ಉಳಿದದ್ದನ್ನು ಫೋನಿಗೆ ಜೋಡಿಸದ ಖಾತೆಗೆ ಹಾಕಿ. ಊರಿಗೆ ಹೋಗುವ ಬಸ್ಸು ಹತ್ತುವುದು ಆಮೇಲೆ.