ಅತಿಥಿಯ ಕೋಣೆ, ಆಸರೆಯ ಕೋಣೆ



ಸುಗ್ಗಿ ಮುಗಿದ ಮೇಲೆ ನೀವು ಕಾಳನ್ನು ಎರಡು ಪಾಲು ಮಾಡುತ್ತೀರಿ. ಒಂದು ಊಟಕ್ಕೆ, ಇನ್ನೊಂದು ಬಿತ್ತನೆಗೆ. ಬೀಜವನ್ನೇ ಉಂಡರೆ ಮುಂದಿನ ವರ್ಷಕ್ಕೆ ಗತಿಯಿಲ್ಲ. ಎಲ್ಲವನ್ನೂ ಬೀಜಕ್ಕೆಂದು ಕಟ್ಟಿಟ್ಟರೆ ಮನೆಮಂದಿ ಉಪವಾಸ. ಪ್ರವಾಸಿಗರು ಬರುವ ಊರಿಗೆ ಮನೆ ಕಳೆದುಕೊಂಡವರು ಆಸರೆ ಬೇಡಿ ಬಂದಾಗ, ಕೋಣೆಗಳ ಲೆಕ್ಕವೂ ಹೀಗೆಯೇ.

ಕೊಡಗಿನ ಸಂಗತಿಯನ್ನು ನೋಡಿರಿ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದು ಮಕ್ಕಂದೂರು, ಜೋಡುಪಾಲ ಮುಂತಾದೆಡೆ ಮನೆ, ತೋಟ, ಗದ್ದೆಗಳು ಮಣ್ಣುಪಾಲಾದುವು. ಸಾವಿರಾರು ಜನ ಶಿಬಿರ ಸೇರಿದರು. ಹೋಂಸ್ಟೇ, ರೆಸಾರ್ಟುಗಳಲ್ಲಿ ಪ್ರವಾಸಿಗರನ್ನು ಇಳಿಸಿಕೊಳ್ಳುವುದನ್ನು ಜಿಲ್ಲಾಡಳಿತ ಕೆಲಕಾಲ ನಿಲ್ಲಿಸಿತು. ಜೀವಕ್ಕೆ ಅಪಾಯವಿರುವಾಗ ಇದು ಸರಿಯಾದ ಕ್ರಮವೇ. ಆದರೆ ಪ್ರವಾಸಿ ಬಾರದಿದ್ದರೆ ಜೀಪು ಓಡಿಸುವವನಿಗೂ, ಅಡುಗೆಯಾಕೆಗೂ, ಜೇನು ಮಾರುವವನಿಗೂ ಸಂಪಾದನೆಯಿಲ್ಲ. ಇನ್ನು, ಶಿಬಿರವೆಂಬುದು ವಾರಗಳ ಮಾತು, ಮನೆಯೆಂಬುದು ವರ್ಷಗಳ ಮಾತು. ಜಂಬೂರು, ಮದೆನಾಡುಗಳ ಹೊಸ ಮನೆಗಳು ಸಂತ್ರಸ್ತರ ಕೈಸೇರಿದ್ದು 2020ರ ಜೂನ್‌ನಲ್ಲಿ. ನಡುವಿನ ಎರಡು ವರ್ಷ ಎಲ್ಲಿರುವುದು? ನಿಜವಾದ ಪ್ರಶ್ನೆ ಅದೇ.

ದೂರದ ಐರ್ಲೆಂಡಿಗೂ ಈ ಪ್ರಶ್ನೆ ಬಂದಿತು. ಆಗ ಅಲ್ಲಿನ ಜನಸಂಖ್ಯೆ 50 ಲಕ್ಷಕ್ಕೆ ತುಸು ಹೆಚ್ಚಿತ್ತು. 2022ರ ಫೆಬ್ರವರಿಯಲ್ಲಿ ಉಕ್ರೇನಿನ ಮೇಲೆ ರಷ್ಯಾ ಯುದ್ಧ ಹೂಡಿದ ಮೇಲೆ, ಎರಡು ವರ್ಷಗಳೊಳಗೆ ಸುಮಾರು 1 ಲಕ್ಷ ನಿರಾಶ್ರಿತರು ಅಲ್ಲಿಗೆ ಬಂದರು. ಸರ್ಕಾರ ಹೋಟೆಲುಗಳನ್ನು ಗುತ್ತಿಗೆಗೆ ಹಿಡಿಯಿತು. ಹೋಟೆಲಿನ ಒಡೆಯನಿಗೆ ಬಾಡಿಗೆ ಬಂತು. ಆದರೆ ಪ್ರವಾಸಿಗರನ್ನೇ ನಂಬಿದ ಊರುಗಳಲ್ಲಿ ಅಂಗಡಿಯವರಿಗೂ ವಾಹನದವರಿಗೂ ಗಿರಾಕಿ ಕಡಿಮೆಯಾಯಿತು. ನಿರಾಶ್ರಿತರಿಗೂ ಸುಖವಿರಲಿಲ್ಲ. ಹೋಟೆಲು ಕೋಣೆಯಲ್ಲಿ ಸ್ವಂತ ಒಲೆ ಇರುವುದಿಲ್ಲ. ಬೇರೆಡೆಗೆ ಕಳುಹಿಸಿದರೆ ಮಕ್ಕಳ ಶಾಲೆ ತಪ್ಪುತ್ತದೆ. ತಪ್ಪು ಬಂದವರದಲ್ಲ. ಒಂದೇ ಬಗೆಯ ಕೋಣೆಗಳ ಮೇಲೆ ಹೆಚ್ಚಿನ ಭಾರ ಬಿದ್ದುದೇ ತೊಡಕು. ಸ್ವಂತ ಮನೆಯಲ್ಲಿ ಅಥವಾ ಖಾಲಿ ಮನೆಯಲ್ಲಿ ಅವರಿಗೆ ಜಾಗ ಕೊಟ್ಟವರಿಗೆ ಸರ್ಕಾರ 2022ರಲ್ಲಿ ತಿಂಗಳಿಗೆ 400 ಯೂರೋ ಕೊಡಲು ತೊಡಗಿ, ಅದೇ ಡಿಸೆಂಬರಿನಿಂದ 800 ಯೂರೋಗೆ ಏರಿಸಿತು. ಇದರಿಂದ ಭಾರ ಹಲವು ಮನೆಗಳಿಗೆ ಹಂಚಿತು.

ಇವುಗಳಿಂದ ನಾವು ಕಲಿಯಬೇಕಾದುದು:

1. ಮಳೆಗಾಲಕ್ಕೆ ಮೊದಲೇ ಊರಿನ ಶಾಲೆ, ಸಮುದಾಯ ಭವನ, ಖಾಲಿ ಮನೆ, ಹೋಂಸ್ಟೇ ಕೋಣೆಗಳ ಪಟ್ಟಿಯನ್ನು ಪಂಚಾಯಿತಿಯಲ್ಲಿ ಬರೆದಿಡಿರಿ. ನೀರು, ಕಕ್ಕಸು, ಒಲೆ ಇವೆಯೇ ಎಂದು ನೋಡಿರಿ.

2. ಮೊದಲ ದಿನಗಳಲ್ಲಿ ಯಾವ ಕೋಣೆಯಾದರೂ ಸರಿ, ಬಾಗಿಲು ತೆರೆಯಿರಿ. ಅಪಾಯ ಕಳೆದ ಮೇಲೆ ಕುಟುಂಬಗಳನ್ನು ಅಡುಗೆಗೆ ಅನುಕೂಲವಿರುವ ಮನೆಗಳಿಗೆ ಸೇರಿಸಿರಿ. ಶಾಲೆಯನ್ನು ಮಕ್ಕಳಿಗೆ ಬೇಗ ಬಿಟ್ಟುಕೊಡಿರಿ.

3. ಕೋಣೆ ಕೊಡುವಾಗ ಬಾಡಿಗೆ, ಅವಧಿ, ದುರಸ್ತಿಯ ಹೊಣೆ ಇವನ್ನು ಕಾಗದದ ಮೇಲೆ ಬರೆಯಿಸಿಕೊಳ್ಳಿರಿ.

4. ಬಂದವರಿಗೆ ತೋಟದಲ್ಲಿ, ಹೋಂಸ್ಟೇಯಲ್ಲಿ ಕೆಲಸ ಕೊಡಿರಿ. ಊರಿನವರಿಗೆ ಕೊಡುವ ಕೂಲಿಯನ್ನೇ ಕೊಡಿರಿ.

ಪ್ರವಾಸಿ ನಾಲ್ಕು ದಿನದ ಅತಿಥಿ. ಅವನಿಗೆ ಹೋಗಲು ಮನೆಯಿದೆ. ಮನೆ ಕಳೆದುಕೊಂಡವನಿಗೆ ಅದಿಲ್ಲ. ಇಬ್ಬರಿಗೂ ಜಾಗವಿರುವಂತೆ ಇಂದೇ ಲೆಕ್ಕ ಹಾಕಿರಿ. ಮುಂದಿನ ಗ್ರಾಮಸಭೆಯಲ್ಲಿ ಈ ಪಟ್ಟಿಯ ಮಾತನ್ನು ಎತ್ತಿರಿ. ನಾಳೆ ಆಸರೆ ಬೇಡುವ ಸರದಿ ಯಾರದೆಂದು ಬಲ್ಲವರಿಲ್ಲ.